ಸೀಸನ್ ಮುಗಿದ ರಾಜಧಾನಿ

ಮಡಿಕೇರಿಯಲ್ಲಿ ಹುಟ್ಟಿ ಬೆಳೆದವರಿಗೆ ‘ಸೀಸನ್’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಸೀಸನ್‌ನಲ್ಲಿ ರಾಜಾಸೀಟಿನ ದಾರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹೋಂಸ್ಟೇಗಳ ಬಾಡಿಗೆ ಏರಿರುತ್ತದೆ. ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಗುವ ಮೊದಲು ಸಿಗುವ ಕೆಲವು ವಾರಗಳಲ್ಲಿ ಊರು ಮತ್ತೆ ಊರಿನವರ ಕೈಗೆ ಬರುತ್ತದೆ. ಅಂಗಡಿಯವರು ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಹೋಗಿಬರುವವರನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. 2025ರ ಅಕ್ಟೋಬರಿನಲ್ಲಿ ಮಾಂಟೆನೆಗ್ರೊ ದೇಶದ ತ್ಸೆತಿನ್ಯೆ ಎಂಬ ಬೆಟ್ಟದ ಊರಿನಲ್ಲಿ ಬಸ್ಸಿಳಿದಾಗ ನನಗೆ ಮೊದಲು ನೆನಪಾದದ್ದು ಆ ವಾರಗಳು.

ಇಟಲಿಯಲ್ಲಿ ಒಂದು ಕಾರ್ಯಾಗಾರ ಮುಗಿಸಿ, ಕೈಯಲ್ಲಿದ್ದ ನಾಲ್ಕು ದಿನಗಳನ್ನು ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಕೆಳಗೆ ಕೊಟೋರ್‌ನ ಕಡಲತೀರದಲ್ಲಿ ಇನ್ನೂ ಬಿಸಿಲಿತ್ತು, ಪ್ರವಾಸಿಗರೂ ಇದ್ದರು. ಸುಮಾರು 670 ಮೀಟರ್ ಎತ್ತರದ ತ್ಸೆತಿನ್ಯೆಗೆ ಏರುವಷ್ಟರಲ್ಲಿ ಮಂಜು, ಸೌದೆ ಒಲೆಯ ಹೊಗೆಯ ವಾಸನೆ, ಜಿಟಿಜಿಟಿ ಮಳೆ. ಸಾಲುಮರಗಳ ಹಳದಿ ಎಲೆಗಳು ಮುಖ್ಯಬೀದಿಯ ಕಲ್ಲುಹಾಸಿಗೆ ಅಂಟಿಕೊಂಡಿದ್ದವು. ಕೆಫೆಗಳು ಹೊರಗಿನ ಮೇಜುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಈ ಊರಿನ ವರ್ಷದ ಮಳೆ 3000 ಮಿಲಿಮೀಟರ್ ಮೀರುತ್ತದೆ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದುಕೊಳ್ಳುವ ಮಳೆ ಅವರಿಗೆ ಅಕ್ಟೋಬರಿನ ಹೊತ್ತಿಗೆ ಹಿಡಿದುಕೊಳ್ಳುತ್ತದೆ. ಆದರೂ ಊರಲ್ಲಿ ಒಂದು ಹೊಳೆ ಕಾಣಲಿಲ್ಲ. ಸುಣ್ಣಕಲ್ಲಿನ ನೆಲ ನೀರನ್ನೆಲ್ಲ ಕುಡಿದುಬಿಡುತ್ತದೆ. 1986ರಲ್ಲೊಮ್ಮೆ ಅದೇ ನೀರು ನೆಲದಡಿಯಿಂದ ಮೇಲೆದ್ದು ಊರನ್ನು ಮುಳುಗಿಸಿತ್ತು.

ನಾನು ಹೋದದ್ದು ಒಂದು ಪ್ರಶ್ನೆಯ ಬೆನ್ನು ಹತ್ತಿ. ನನ್ನ ಪಿಎಚ್‌ಡಿ ಆರಂಭಕಾಲದ ಕನ್ನಡ ಮುದ್ರಣದ ಬಗ್ಗೆ. ಎರಡು ವರ್ಷದ ಹಿಂದೆ ವಿಭಾಗದ ಸೆಮಿನಾರಿನಲ್ಲಿ ‘ಮಂಗಳೂರ ಸಮಾಚಾರ’ದ ಬಗ್ಗೆ ಮಾತಾಡುತ್ತ, ಅದೇ ಕಾಲದಲ್ಲಿ ಜಗತ್ತಿನ ಬೇರೆ ಸಣ್ಣ ಊರುಗಳಲ್ಲಿ ಅಚ್ಚುಕೂಟಗಳು ಏನು ಮಾಡುತ್ತಿದ್ದವು ಎಂದು ತೋರಿಸಲು ತ್ಸೆತಿನ್ಯೆಯ ಕಥೆ ಹೇಳಿದ್ದೆ. 1834ರಲ್ಲಿ ಅಲ್ಲೊಂದು ಅಚ್ಚುಕೂಟ ಶುರುವಾಯಿತು. 1852ರಲ್ಲಿ ತುರ್ಕರ ಸೈನ್ಯ ಏರಿಬಂದಾಗ ಅದರ ಸೀಸದ ಮೊಳೆಗಳನ್ನೇ ಕರಗಿಸಿ ಬಂದೂಕಿನ ಗುಂಡು ಎರಕ ಹೊಯ್ದರು. ಅಲ್ಲಿಗೆ ನಿಲ್ಲಿಸಿದೆ. ಕೇಳಿದವರು ತಲೆದೂಗಿದರು. ಕೊನೆಯ ಸಾಲಿನಲ್ಲಿದ್ದ ಹಿರಿಯ ಅಧ್ಯಾಪಕರೊಬ್ಬರು ಮಾತ್ರ, “ಗುಂಡಾದ ಮೇಲೆ ಏನಾಯಿತಮ್ಮ?” ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಕಥೆ ಅಲ್ಲಿಗೇ ಮುಗಿಯುತ್ತದೆಂದು ನಾನು ತಿಳಿದಿದ್ದೆ.

ತ್ಸೆತಿನ್ಯೆಯ ಮುದ್ರಣದ ಕಥೆ 1834ಕ್ಕಿಂತ ಬಹಳ ಹಳೆಯದು. 1482ರ ಸುಮಾರಿಗೆ ಇವಾನ್ ತ್ಸರ್ನೊಯೆವಿಚ್ ಎಂಬ ದೊರೆ, ಕೆಳಗಿನ ಬಯಲನ್ನು ಆಟೊಮನ್ನರಿಗೆ ಕಳೆದುಕೊಂಡು, ಲೊವ್ಚೆನ್ ಬೆಟ್ಟದ ತಪ್ಪಲಿಗೆ ತನ್ನ ಠಾಣ್ಯವನ್ನು ತಂದ. ಇವನ ಮಗ ಜುರಜ್ ಒಂದು ಅಚ್ಚುಕೂಟ ಇಟ್ಟ. ಮಕಾರಿಯೆ ಎಂಬ ಸನ್ಯಾಸಿ ಅಲ್ಲಿ 1494ರ ಜನವರಿಯಲ್ಲಿ ‘ಒಕ್ತೊಯಿಹ್’ ಎಂಬ ಪ್ರಾರ್ಥನಾ ಗ್ರಂಥವನ್ನು ಮುಗಿಸಿದ. ದಕ್ಷಿಣ ಸ್ಲಾವ್ ಜನರಲ್ಲಿ ಸಿರಿಲಿಕ್ ಲಿಪಿಯಲ್ಲಿ ಅಚ್ಚಾದ ಮೊದಲ ಪುಸ್ತಕ ಅದು. ಅದರ ಒಂದು ಪುಟವನ್ನು ಗಾಜಿನ ಹಿಂದೆ ನೋಡಿದೆ. ಕಪ್ಪು ಸಾಲುಗಳ ನಡುವೆ ಕೆಂಪು ಶಾಯಿ, ಒಂದರ ಮೇಲೊಂದು ಬೀಳದೆ ನೇರವಾಗಿ ಕೂತಿದೆ. ಎರಡು ಬಣ್ಣದ ಅಚ್ಚು ಎಷ್ಟು ಕಷ್ಟದ ಕೆಲಸವೆಂದು ಹಳೆಯ ಪುಸ್ತಕಗಳೊಂದಿಗೆ ಒಡನಾಡಿದವರಿಗೆ ಗೊತ್ತು. ಎರಡೇ ವರ್ಷ, 1496ರಲ್ಲಿ ಜುರಜ್ ದೇಶ ಬಿಟ್ಟು ವೆನಿಸ್ ಸೇರಿದ, ಅಚ್ಚುಕೂಟ ನಿಂತಿತು. ಮುಂದೆ ಮುನ್ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಅಚ್ಚಿನ ಸದ್ದಿಲ್ಲ.

ಆ ಮೌನ ಮುರಿದವನು ಪೀಟರ್ ನ್ಯೆಗೋಶ್. ಆಗ ಈ ನಾಡನ್ನು ಆಳುತ್ತಿದ್ದವರು ಬಿಷಪ್ಪರು. ಅವರು ಮದುವೆಯಾಗುವಂತಿಲ್ಲ, ಹಾಗಾಗಿ ಪಟ್ಟ ದೊಡ್ಡಪ್ಪನಿಂದ ತಮ್ಮನ ಮಗನಿಗೆ ಬರುತ್ತಿತ್ತು. 1830ರಲ್ಲಿ ಪಟ್ಟಕ್ಕೆ ಬಂದಾಗ ನ್ಯೆಗೋಶ್ ಇನ್ನೂ ಹದಿಹರೆಯದವನು. ಕವಿ. ರಷ್ಯಾಕ್ಕೆ ಹೋದವನು ಅಲ್ಲಿಂದ ಅಚ್ಚುಯಂತ್ರವನ್ನು ತರಿಸಿದ. 1834ರಲ್ಲಿ ಅವನ ಕವಿತೆಗಳೇ ಅದರಲ್ಲಿ ಅಚ್ಚಾದವು. 1835ರಿಂದ 1839ರವರೆಗೆ ‘ಗ್ರ್ಲಿತ್ಸಾ’, ಅಂದರೆ ‘ಬೆಳವಕ್ಕಿ’, ಎಂಬ ವಾರ್ಷಿಕ ಸಂಚಿಕೆ ಬಂತು. 1836ರಲ್ಲಿ ಭಾಷಾವಿದ್ವಾಂಸ ವೂಕ್ ಕರಾಜಿಚ್ ಸಂಗ್ರಹಿಸಿದ ಗಾದೆಗಳ ಪುಸ್ತಕ ಅಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಪತ್ರಿಕೆ ತಂದದ್ದು 1843ರಲ್ಲಿ. ಅದಕ್ಕೂ ಮೊದಲಿನ ಮಾತಿದು.

ನ್ಯೆಗೋಶ್ ತನಗಾಗಿ 1838ರಲ್ಲಿ ಕಟ್ಟಿಸಿದ ಮನೆಗೆ ‘ಬಿಲ್ಯಾರ್ದಾ’ ಎಂದು ಹೆಸರು ಬಂದಿದೆ. ಬಿಲಿಯರ್ಡ್ಸ್ ಮೇಜೊಂದನ್ನು ಕೊಟೋರ್‌ನಿಂದ, ರಸ್ತೆಯಿಲ್ಲದ ಆ ಬೆಟ್ಟವನ್ನು ಹತ್ತಿಸಿ ತರಿಸಿದ್ದನಂತೆ. ಮೇಜು ಈಗಲೂ ಅಲ್ಲಿದೆ. ನಾನು ಹೋದ ಮೊದಲ ದಿನ ಬಾಗಿಲು ಹಾಕಿತ್ತು. ಹೊತ್ತು ವಿಚಾರಿಸದೆ ಹೋದದ್ದು ನನ್ನ ತಪ್ಪೇ. ಮರುದಿನ ಹೋದಾಗ ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ಮೇಲ್ವಿಚಾರಕಿ ನನ್ನ ಹಿಂದೆಯೇ ಬಂದು, ಒಂದೊಂದು ಕೋಣೆಯ ದೀಪ ಹಾಕಿ, ನಾನು ದಾಟಿದ ಮೇಲೆ ಆರಿಸುತ್ತಿದ್ದಳು.

ನ್ಯೆಗೋಶ್ 1851ರಲ್ಲಿ, 37ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಪಟ್ಟಕ್ಕೆ ಬಂದ ದಾನಿಲೋ ಬಿಷಪ್ಪನ ನಿಲುವಂಗಿ ಬೇಡವೆಂದು 1852ರಲ್ಲಿ ರಾಜಕುಮಾರನೆಂದು ಘೋಷಿಸಿಕೊಂಡ. ಆಟೊಮನ್ನರ ಸೇನಾಪತಿ ಒಮರ್ ಪಾಷಾ ದಂಡು ತಂದ. ಸೀಸದ ಮೊಳೆಗಳು ಕರಗಿದ್ದು ಆಗ. ಕವಿ ಸತ್ತು ವರ್ಷ ಕಳೆಯುವಷ್ಟರಲ್ಲಿ ಅವನ ಅಕ್ಷರಗಳು ಗುಂಡುಗಳಾಗಿದ್ದವು.

ಈ ಊರಿನಲ್ಲಿ ಅದರ ತಿರುವುಮುರುವು ಕೂಡ ಇದೆ. 15ನೇ ಶತಮಾನದ ವ್ಲಾಷ್ಕಾ ಎಂಬ ಪುಟ್ಟ ಚರ್ಚಿನ ಸುತ್ತ ಕಬ್ಬಿಣದ ಬೇಲಿಯಿದೆ. ಹತ್ತಿರ ಹೋದರೆ ಆ ಸರಳುಗಳೆಲ್ಲ ಬಂದೂಕಿನ ನಳಿಗೆಗಳು. ತುರ್ಕರಿಂದ ಗೆದ್ದುಕೊಂಡವು, ಸಾವಿರಕ್ಕೂ ಹೆಚ್ಚಿವೆ. ಮಳೆಹನಿ ನಳಿಗೆಯ ಬಾಯಿಗೆ ಬಿದ್ದು ಒಳಗಿಳಿಯುತ್ತಿತ್ತು. ಹಿಂದಿನ ನಾನಾಗಿದ್ದರೆ ಇದನ್ನೂ ಒಂದು ಸ್ಲೈಡ್ ಮಾಡುತ್ತಿದ್ದೆ: ಅಕ್ಷರ ಗುಂಡಾಯಿತು, ಬಂದೂಕು ಬೇಲಿಯಾಯಿತು.

ಮನಸ್ಸಾಗಲಿಲ್ಲ. ತ್ಸೆತಿನ್ಯೆಯಂಥ ಪುಟ್ಟ ಊರಿನಲ್ಲಿ 2022ರ ಆಗಸ್ಟ್‌ನಲ್ಲಿ ಒಮ್ಮೆ, 2025ರ ಹೊಸವರ್ಷದ ದಿನ ಇನ್ನೊಮ್ಮೆ, ಬಂದೂಕು ಹಿಡಿದ ಒಬ್ಬೊಬ್ಬ ಮನುಷ್ಯ ಮಕ್ಕಳು ಮರಿಗಳೆನ್ನದೆ ನೆರೆಹೊರೆಯವರನ್ನು ಕೊಂದಿದ್ದ. ನಾನು ಉಳಿದಿದ್ದ ಮನೆಯ ಅಮ್ಮ ಅದರ ಬಗ್ಗೆ ತಾನಾಗಿ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇಲಿ ನೋಡಿ ಬಂದೆ ಎಂದಾಗ ಮಾತ್ರ ಚಹಾದ ಲೋಟ ಕೆಳಗಿಟ್ಟು, “ನಮ್ಮ ಅಜ್ಜಂದಿರು ಗೋಡೆಗೆ ಬಂದೂಕು ನೇತುಹಾಕುತ್ತಿದ್ದರು, ದೇವರ ಪಟದ ಪಕ್ಕ. ಈಗ ನನ್ನ ಮಗ ಅದು ಬೇಡವೇ ಬೇಡ ಅಂತಾನೆ” ಎಂದರು. ಬಂದೂಕನ್ನು ದೇವರೆಂದು ಪೂಜಿಸುವ ಕೊಡಗಿನ ಕೈಲ್‌ಪೋಳ್ದ್ ನೆನಪಾಗಿ ನಾನು ಸುಮ್ಮನಾದೆ. ಬಂದೂಕಿನ ಕಥೆ ದೂರದಿಂದ ಕೇಳಲು ಚೆನ್ನಾಗಿರುತ್ತದೆ.

ಹಾಗಾದರೆ ಗುಂಡಾದ ಮೇಲೆ ಏನಾಯಿತು?

1871ರಲ್ಲಿ ‘ತ್ಸರ್ನೊಗೊರತ್ಸ್’ ಎಂಬ ಪತ್ರಿಕೆ ಶುರುವಾಯಿತು, ನಾಡಿನ ಮೊದಲ ವೃತ್ತಪತ್ರಿಕೆ. 1878ರ ಬರ್ಲಿನ್ ಸಮ್ಮೇಳನದಲ್ಲಿ ಮಾಂಟೆನೆಗ್ರೊ ಸ್ವತಂತ್ರ ದೇಶವೆಂದು ಕಾಗದದ ಮೇಲೆ ಮಾನ್ಯವಾಯಿತು. ಕೆಲವೇ ಸಾವಿರ ಜನರ ಈ ಊರಿನಲ್ಲಿ ಯೂರೋಪಿನ ದೊಡ್ಡ ದೇಶಗಳೆಲ್ಲ ರಾಯಭಾರ ಕಚೇರಿ ತೆರೆದವು. ದೊರೆ ನಿಕೋಲಾ ತನ್ನ ಹೆಣ್ಣುಮಕ್ಕಳನ್ನು ಇಟಲಿ, ಸರ್ಬಿಯಾ, ರಷ್ಯಾದ ಅರಮನೆಗಳಿಗೆ ಕೊಟ್ಟು ‘ಯೂರೋಪಿನ ಮಾವ’ ಎನ್ನಿಸಿಕೊಂಡ; 1910ರಲ್ಲಿ ರಾಜನ ಪದವಿಗೇರಿದ. ಇಷ್ಟಾದರೂ 1916ರ ಜನವರಿಯಲ್ಲಿ ಲೊವ್ಚೆನ್ ಬೆಟ್ಟ ಆಸ್ಟ್ರಿಯಾದ ಸೈನ್ಯಕ್ಕೆ ಕೆಲವೇ ದಿನಗಳಲ್ಲಿ ಬಿತ್ತು. ನಾಲ್ಕು ಶತಮಾನ ಬಂದೂಕು ಹಿಡಿದು ಕಾಯ್ದುಕೊಂಡದ್ದು ದೊಡ್ಡ ಫಿರಂಗಿಗಳ ಮುಂದೆ ನಿಲ್ಲಲಿಲ್ಲ. ನಿಕೋಲಾ ದೇಶ ಬಿಟ್ಟ. 1918ರಲ್ಲಿ ಅವನನ್ನು ಪಟ್ಟದಿಂದಿಳಿಸಿ ನಾಡನ್ನು ಸರ್ಬಿಯಾದೊಂದಿಗೆ ಸೇರಿಸಿದರು. ದೇಶದ ಹೆಸರೇ ಭೂಪಟದಿಂದ ಹೋಯಿತು. 1946ರಲ್ಲಿ, ಯುಗೊಸ್ಲಾವಿಯಾದ ಒಂದು ಗಣರಾಜ್ಯವಾಗಿ ಮರಳಿ ಬಂದಾಗ, ರಾಜಧಾನಿ ಕೆಳಗಿನ ಬಯಲಿನ ಪೊದ್ಗೊರಿತ್ಸಾಕ್ಕೆ ಇಳಿಯಿತು.

2006ರ ಮೇ 21ರ ಜನಮತಗಣನೆಯಲ್ಲಿ ಶೇ. 55.5ರಷ್ಟು ಜನ ಸ್ವತಂತ್ರ ದೇಶ ಬೇಕೆಂದರು. ಯುದ್ಧವಿಲ್ಲದೆ, ಚೀಟಿಯಲ್ಲಿ ಗುರುತು ಹಾಕಿ. ತಾವೊಂದು ದೇಶವಾಗಿದ್ದೆವು ಎಂದು ಹೇಳಿಕೊಳ್ಳಲು ಅವರ ಕೈಯಲ್ಲಿ ಇದ್ದದ್ದೇನು? ಬರ್ಲಿನ್‌ನ ಒಪ್ಪಂದ, ಹಳೆಯ ಪತ್ರಿಕೆಗಳ ಕಟ್ಟುಗಳು, ನ್ಯೆಗೋಶನ ಕಾವ್ಯ, 1494ರ ಒಂದು ಪ್ರಾರ್ಥನಾ ಗ್ರಂಥ. ನ್ಯೆಗೋಶನ ಪ್ರಸಿದ್ಧ ಕೃತಿ ‘ಗೋರ್ಸ್ಕಿ ವಿಯೆನತ್ಸ್’ 1847ರಲ್ಲಿ ವಿಯೆನ್ನಾದಲ್ಲಿ ಅಚ್ಚಾಗಿತ್ತು. ತ್ಸೆತಿನ್ಯೆಯ ಮೊಳೆಗಳು ಕರಗಿದರೂ ಅದಕ್ಕೆ ಏನೂ ಆಗಲಿಲ್ಲ. ಕರಗಿದ ಸೀಸ ಒಂದು ಚಳಿಗಾಲದ ಯುದ್ಧಕ್ಕೆ ಒದಗಿತು. ಅದು ಬೇಡದ ಕೆಲಸವೆಂದು ದೂರದಲ್ಲಿ ಕೂತ ನಾನು ಹೇಳಲಾರೆ. ಆದರೆ ಅದು ಮುದ್ರಣದ ಗೆಲುವಿನ ಕಥೆಯೆಂಬಂತೆ ನಾನು ಸೆಮಿನಾರಿನಲ್ಲಿ ಹೇಳಿದ್ದು ತಪ್ಪು. ಒಂದು ನಾಡಿಗೆ ಎರಡನೇ ಬಾರಿ ಅಚ್ಚುಕೂಟ ಕೈತಪ್ಪಿದ ಕಥೆ ಅದು.

2007ರ ಸಂವಿಧಾನ ಪೊದ್ಗೊರಿತ್ಸಾವನ್ನು ರಾಜಧಾನಿ ಎಂದು ಕರೆದು, ತ್ಸೆತಿನ್ಯೆಗೆ ‘ಪ್ರಿಯೆಸ್ತೊನಿತ್ಸಾ’ ಎಂಬ ಬೇರೆ ಹೆಸರು ಕೊಟ್ಟಿದೆ. ಮನೆಯ ಅಮ್ಮ ಇದನ್ನು ವಿವರಿಸಲು ಕಷ್ಟಪಟ್ಟರು. “ಕ್ಯಾಪಿಟಲ್ ಅಲ್ಲ. ರಾಜ ಕೂರ್ತಾನಲ್ಲ, ಆ ಕುರ್ಚಿ. ಕುರ್ಚಿಯ ಊರು” ಎಂದರು. ಗದ್ದಿಗೆ ಎಂದುಕೊಂಡೆ. ನಮ್ಮ ಭಾಷೆಯಲ್ಲಿ ಗದ್ದಿಗೆ ಎಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಮಡಿಕೇರಿಯಲ್ಲಿ ಗದ್ದಿಗೆ ಎಂದರೆ ಹಾಲೇರಿ ಅರಸರ ಸಮಾಧಿಗಳೇ. ಕೊನೆಯ ಅರಸ ಚಿಕವೀರರಾಜೇಂದ್ರನದು ಮಾತ್ರ ಅಲ್ಲಿಲ್ಲ. ತ್ಸೆತಿನ್ಯೆಯಲ್ಲಿ ಅಚ್ಚುಕೂಟ ಶುರುವಾದ ಅದೇ 1834ರಲ್ಲಿ ಇಂಗ್ಲಿಷರು ಅವನನ್ನು ಇಳಿಸಿದರು, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ನಿಕೋಲಾ ಕೂಡ 1921ರಲ್ಲಿ ಫ್ರಾನ್ಸಿನಲ್ಲಿ ಸತ್ತ. ಅವನ ಅಸ್ಥಿಗಳನ್ನು 1989ರ ಅಕ್ಟೋಬರಿನಲ್ಲಿ ತ್ಸೆತಿನ್ಯೆಗೆ ತಂದು ಚಿಪುರ್‌ನ ಪುಟ್ಟ ಚರ್ಚಿನಲ್ಲಿ ಮಣ್ಣು ಮಾಡಿದರು. ಮಳೆಯಲ್ಲಿ ಆ ಚರ್ಚಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಕೊನೆಯ ಸಂಜೆ ಹಳೆಯ ರಾಯಭಾರ ಕಚೇರಿಗಳ ಬೀದಿಗಳಲ್ಲಿ ನಡೆದೆ. ಬ್ರಿಟಿಷರ ಕಟ್ಟಡ ಸಂಗೀತ ಅಕಾಡೆಮಿಯ ಪಾಲಾಗಿದೆ, ತುರ್ಕರದು ನಾಟಕ ಕಲಿಸುವ ವಿಭಾಗಕ್ಕೆ. ಬಂದೂಕು ನಳಿಗೆಗಳ ಬೇಲಿ ಕಟ್ಟಿದ ಊರಿನಲ್ಲಿ, ಯಾರ ವಿರುದ್ಧ ಗುಂಡು ಎರಕ ಹೊಯ್ದರೋ ಅವರ ಮನೆಯಲ್ಲಿ ಇವತ್ತು ಹುಡುಗ ಹುಡುಗಿಯರು ಪಾತ್ರ ಕಟ್ಟುವುದನ್ನು ಕಲಿಯುತ್ತಾರೆ. ಪ್ರವಾಸಿಗರು ಇಳಿದುಹೋದ ಮೇಲೂ ಊರಿನಲ್ಲಿ ಉಳಿಯುವವರಲ್ಲಿ ಈ ವಿದ್ಯಾರ್ಥಿಗಳು ಸೇರಿದ್ದಾರೆ. ಮೂವರು ಒಂದೇ ಕೊಡೆಯಡಿ ನಗುತ್ತ ನನ್ನನ್ನು ದಾಟಿ ಹೋದರು.

ನನ್ನ ಅಜ್ಜ ಮಡಿಕೇರಿಯಲ್ಲಿ ಕೊಡಗು ಸರ್ಕಾರದ ಗುಮಾಸ್ತರಾಗಿದ್ದರು. ಕೊಡಗು ಆಗ ‘ಸಿ’ ದರ್ಜೆಯ ರಾಜ್ಯ, ಮಡಿಕೇರಿ ಅದರ ರಾಜಧಾನಿ. 1956ರ ನವೆಂಬರ್ 1ಕ್ಕೆ ಅದು ಮೈಸೂರು ರಾಜ್ಯದಲ್ಲಿ ಸೇರಿದಾಗ ಕಚೇರಿಯ ಹೆಸರಿದ್ದ ಕಾಗದಗಳೆಲ್ಲ ಕೆಲಸಕ್ಕೆ ಬಾರದೇ ಹೋದವು. ಅಜ್ಜ ಒಂದು ಕಟ್ಟು ಮನೆಗೆ ತಂದರು. ಅದರ ಬೆನ್ನಿಗೆ ವರ್ಷಗಟ್ಟಲೆ ಹಾಲಿನ ಲೆಕ್ಕ, ದಿನಸಿ ಲೆಕ್ಕ ಬರೆದರು. ಊರಿಗೆ ಮರಳಿದ ಮೇಲೆ ಪೆಟ್ಟಿಗೆ ತೆಗೆದು ನೋಡಿದೆ. ಹನ್ನೊಂದು ಹಾಳೆ ಉಳಿದಿವೆ. ಉಳಿದವನ್ನು ಯಾವಾಗಲೋ ಒಲೆ ಹೊತ್ತಿಸಲು ಬಳಸಿದೆವು ಎಂದು ಅಮ್ಮ ಹೇಳಿದರು. ಹನ್ನೊಂದನ್ನೂ ಎರಡೂ ಬದಿ ಫೋಟೊ ತೆಗೆದು, ಒಂದೊಂದನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ನಂಬರು ಬರೆದಿದ್ದೇನೆ. ಮುಂದಿನ ತಿಂಗಳು ಆ ಹಿರಿಯ ಅಧ್ಯಾಪಕರನ್ನು ಕಾಣಲು ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ.