‘ಇಲ್ಲ’ ಎಂದು ಹೇಳಬಲ್ಲ ರಕ್ತಪರೀಕ್ಷೆ



2020–21ರ ಕೋವಿಡ್ ದಿನಗಳಲ್ಲಿ ‘ಡಿ-ಡೈಮರ್’ ಎಂಬ ಹೆಸರನ್ನು ನೀವು ಮನೆಯಲ್ಲೇ ಕೇಳಿರಬಹುದು. ಆದರೆ ಈ ಪರೀಕ್ಷೆಯ ಚರಿತ್ರೆ ಅದಕ್ಕಿಂತ ಹಳೆಯದು.

ನಂದಿ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ರೈತರೊಬ್ಬರ ಒಂದು ಕಾಲು ಊದಿದೆ ಎಂದುಕೊಳ್ಳಿ. ಅದು ಬರೀ ಉಳುಕೋ, ಅಥವಾ ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೋ? ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಾಪಾಯವೆಂದು ಜರ್ಮನಿಯ ರುಡಾಲ್ಫ್ ವಿರ್ಚೋ 19ನೆಯ ಶತಮಾನದ ನಡುವಿನಲ್ಲೇ ತೋರಿಸಿದ್ದರು. ಹಾಗೆಂದು ಹೆಪ್ಪಿಲ್ಲದವರಿಗೂ ಅದನ್ನು ತಡೆಯುವ ಔಷಧಿ ಕೊಟ್ಟರೆ ರಕ್ತಸ್ರಾವದ ಭಯ. ಬಹುಕಾಲ ಇದ್ದ ಖಚಿತ ಮಾರ್ಗ ಒಂದೇ: ಪಾದದ ಅಭಿಧಮನಿಗೆ ದ್ರವವೊಂದನ್ನು ಚುಚ್ಚಿ ಎಕ್ಸ್-ರೇ ತೆಗೆಯುವುದು. ಅದು ನೋವಿನ ಕೆಲಸ. 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಬಳಕೆಗೆ ಬಂತು. ಆದರೆ ಅದಕ್ಕೂ ಯಂತ್ರ ಬೇಕು, ನುರಿತವರು ಬೇಕು.

ರಕ್ತದಲ್ಲೇ ಸುಳಿವು ಸಿಕ್ಕೀತೇ? ಹೆಪ್ಪು ಎಂಬುದು ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ. ದೇಹವು ಅದನ್ನು ಕರಗಿಸುವಾಗ ಉಳಿಯುವ ಚೂರೇ ಡಿ-ಡೈಮರ್. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಏಕರೂಪದ ಪ್ರತಿಕಾಯಗಳನ್ನು ತಯಾರಿಸುವ ವಿಧಾನ ಕಂಡುಹಿಡಿದರು. ಅದನ್ನು ಬಳಸಿ 1983ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಚೂರನ್ನು ಗುರುತಿಸುವ ಪರೀಕ್ಷೆಯನ್ನು ಪ್ರಕಟಿಸಿದರು.

ಒಂದು ತೊಡಕು ಉಳಿಯಿತು. ದರ್ಜಿ ಅಂಗಡಿಯ ನೆಲದ ಮೇಲೆ ಬಟ್ಟೆಯ ಚೂರುಗಳಿದ್ದರೆ, ಹೊಲಿದದ್ದು ಅಂಗಿಯೋ ಲಂಗವೋ ಹೇಳಲಾಗದು. ಚೂರೇ ಇಲ್ಲದಿದ್ದರೆ ಕತ್ತರಿ ಆಡಿಲ್ಲವೆಂದು ಊಹಿಸಬಹುದು. ಹಾಗೆಯೇ ಸೋಂಕು, ಗಾಯ, ಶಸ್ತ್ರಚಿಕಿತ್ಸೆ, ಬಸಿರು, ಮುಪ್ಪು ಎಲ್ಲವೂ ಡಿ-ಡೈಮರನ್ನು ಏರಿಸುತ್ತವೆ. ಆದ್ದರಿಂದ ಏರಿಕೆ ಹೆಪ್ಪಿಗೆ ಪುರಾವೆಯಲ್ಲ; ಏರದಿರುವುದೇ ಬೆಲೆಯುಳ್ಳ ಸುದ್ದಿ.

ಆದರೆ ಅದನ್ನು ಎಷ್ಟು ನಂಬಬಹುದು? ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು 1997ರಲ್ಲಿ ರೋಗಿಯ ಲಕ್ಷಣಗಳಿಗೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು: ಈಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಹಾಸಿಗೆ ಹಿಡಿದಿದ್ದರೇ, ಮೀನಖಂಡ ಎಷ್ಟು ಊದಿದೆ? 2003ರಲ್ಲಿ 1,096 ರೋಗಿಗಳ ಅಧ್ಯಯನದಲ್ಲಿ ಅವರು ತೋರಿಸಿದ್ದಿಷ್ಟು: ಅಂಕ ಕಡಿಮೆಯಿದ್ದು ಡಿ-ಡೈಮರ್ ಕೂಡ ಏರಿಲ್ಲದಿದ್ದರೆ, ಅಲ್ಟ್ರಾಸೌಂಡ್ ಇಲ್ಲದೆಯೇ ಹೆಪ್ಪಿನ ಸಂಶಯವನ್ನು ಬಿಡಬಹುದು. ಅಂಕ ಹೆಚ್ಚಿದ್ದರೆ ರಕ್ತಪರೀಕ್ಷೆಯೊಂದೇ ಸಾಲದು. ನಮ್ಮ ರೈತರಿಗೂ ಮೊದಲು ಬೇಕಾದದ್ದು ವೈದ್ಯರ ಕಣ್ಣು, ಕೈ. ಆಮೇಲೆ ಪರೀಕ್ಷೆಯ ಚೀಟಿ.

ಅದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದರು. ಪ್ರಯೋಗಾಲಯದ ಚೀಟಿಗೂ ಆ ಮಾತು ಸಲ್ಲುತ್ತದೆ. ಅದು ಯಾವ ಪ್ರಶ್ನೆಗೆ ಉತ್ತರ, ಯಾವುದಕ್ಕೆ ಅಲ್ಲ? ನೀವೂ ಕೇಳಿ ನೋಡಿ.