ಪಾಲಿಗೆ ಬಂದ ಗಡಿಯಾರ

ನಮ್ಮ ಕಡೆ ಮನೆತನದ ಆಸ್ತಿ ಹಿಸ್ಸೆಯಾಗುವಾಗ ಗಂಡುಮಕ್ಕಳ ಪಾಲು ಗುಂಟೆ, ಅಂಕಣಗಳ ಲೆಕ್ಕದಲ್ಲಿ ಬರುತ್ತದೆ. ಹೆಣ್ಣುಮಕ್ಕಳ ಪಾಲು ಬರುವುದು ‘ನೆನಪಿಗೆ ಒಂದಿರಲಿ’ ಎಂಬ ಲೆಕ್ಕದಲ್ಲಿ. 1971ರಲ್ಲಿ ಹುಬ್ಬಳ್ಳಿಯ ಅಜ್ಜನ ಮನೆ ಹಂಚಿಕೆಯಾದಾಗ ಇಬ್ಬರು ಸೋದರಮಾವಂದಿರಿಗೆ ಮನೆ ಸಿಕ್ಕಿತು, ಅವ್ವನಿಗೆ ಅಜ್ಜನ ಜೇಬುಗಡಿಯಾರ. “ಇಪ್ಪತ್ತು ಕ್ಯಾರೆಟ್ ಬಂಗಾರದ್ದವ್ವಾ, ನಿನಗೇ ಹೆಚ್ಚು ಬಂತು” ಎಂದರಂತೆ ಹಿರಿಯರು. ಅವ್ವ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಅವಳ ನಂತರ ಆ ಗಡಿಯಾರ ನನ್ನ ಕೈಗೆ ಬಂತು. ಅದು ನಿಜಕ್ಕೂ ಏನು, ಎಷ್ಟರದು ಎಂದು ತಿಳಿಯುವ ಹಟ ನನಗೆ ಹುಟ್ಟಿತು.

ಹಳೆಯ ಗಡಿಯಾರದ ಗುರುತು ಹಿಡಿಯಬೇಕಾದರೆ ಮುಖವೊಂದನ್ನೇ ನಂಬಬಾರದು. ಎಷ್ಟೋ ಗಡಿಯಾರಗಳ ಮುಖದ ಮೇಲಿರುವುದು ತಯಾರಿಸಿದವರ ಹೆಸರಲ್ಲ, ಮಾರಿದ ಅಂಗಡಿಯವರದು. ನಿಜವಾದ ಜಾತಕ ಇರುವುದು ಒಳಗಿನ ಯಂತ್ರದ ಮೇಲೆ. ಹಿಂದಿನ ಮುಚ್ಚಳವನ್ನು ಅಡುಗೆಮನೆಯ ಚಾಕುವಿನಿಂದ ಎಬ್ಬಿಸಲು ಹೋಗದೆ, ಹಳೆಯ ಗಡಿಯಾರ ಬಲ್ಲ ರಿಪೇರಿಯವರಿಂದ ತೆಗೆಸುವುದು ಲೇಸು. ನಮ್ಮದರ ಯಂತ್ರದ ಮೇಲೆ ‘ವಾಲ್ಥಮ್’ ಎಂದಿತ್ತು, ಪಕ್ಕದಲ್ಲಿ ಉದ್ದನೆಯ ಸಂಖ್ಯೆ. ವಾಲ್ಥಮ್ ಎಂಬುದು ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ಊರು. ಆ ಕಂಪನಿಯ ಸಂಖ್ಯೆಗಳನ್ನು ವರ್ಷಕ್ಕೆ ಹೊಂದಿಸಿದ ಪಟ್ಟಿಗಳು ಪ್ರಕಟವಾಗಿವೆ. ನಮ್ಮದು 1910ರ ಸುಮಾರಿನದು. ನೋಡಬೇಕಾದದ್ದು ಯಂತ್ರದ ಸಂಖ್ಯೆಯನ್ನು. ಕವಚದ ಸಂಖ್ಯೆ ಬೇರೆಯೇ ಇರುತ್ತದೆ.

ಕವಚವನ್ನು ಮಾಡಿದವರೂ ಬೇರೆಯವರು. 1850ರಲ್ಲಿ ವಾಲ್ಥಮ್ ಕಂಪನಿಗೆ ಬುನಾದಿ ಹಾಕಿದವರಲ್ಲಿ ಏರನ್ ಡೆನಿಸನ್ ಒಬ್ಬ. ಬಿಡಿಭಾಗಗಳನ್ನು ಒಂದೇ ಅಳತೆಯಲ್ಲಿ ಯಂತ್ರದಿಂದಲೇ ಮಾಡಿದರೆ ಗಡಿಯಾರ ಅಗ್ಗವಾಗುತ್ತದೆ ಎಂಬುದು ಅವನ ಕನಸು. ಮುಂದೆ ಕಂಪನಿಯಿಂದ ಹೊರಬಿದ್ದು ಇಂಗ್ಲೆಂಡಿಗೆ ಹೋದವನು, 1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕವಚ ಮಾಡುವ ಕಸುಬು ಹಿಡಿದ. ಅಮೆರಿಕದ ಯಂತ್ರ ಬರ್ಮಿಂಗ್‌ಹ್ಯಾಮಿನ ಅಂಗಿ ತೊಟ್ಟು ಬ್ರಿಟಿಷ್ ಸಾಮ್ರಾಜ್ಯದ ಊರುಗಳಿಗೆ ಹೋಗುತ್ತಿತ್ತು. ರೈಲ್ವೆ ನೌಕರಿಯಲ್ಲಿದ್ದ ಅಜ್ಜನ ಜೇಬಿಗೆ ಬಂದದ್ದು ಅಂಥದೊಂದು.

ಅಪ್ಪಟ ಬಂಗಾರದ ಕವಚಕ್ಕೆ ಮುದ್ರೆ ಇರುತ್ತದೆ: 18 ಕ್ಯಾರೆಟ್ಟಿಗೆ 750, 14ಕ್ಕೆ 585, 9ಕ್ಕೆ 375. ಇಂಗ್ಲೆಂಡಿನ ಬೆಳ್ಳಿಗೆ ನಡೆಯುವ ಸಿಂಹ; ಹಳೆಯ ಸ್ವಿಸ್ ಬೆಳ್ಳಿಗೆ ಕರಡಿ ಅಥವಾ ಕಾಡುಕೋಳಿ. ನಮ್ಮದರ ಮುಚ್ಚಳದ ಒಳಗೆ ಇದ್ದದ್ದು ಒಂದು ಪುಟ್ಟ ಅರ್ಧಚಂದ್ರ, ಡೆನಿಸನ್ ಹೆಸರು ಮತ್ತು 20 ಎಂಬ ಅಂಕಿ. ಅದರ ಸುತ್ತಲಿನ ಇಂಗ್ಲಿಷ್ ಬರಹದ ಅರ್ಥ ಇಷ್ಟೇ: ಬಂಗಾರದ ಎರಡು ತಗಡು, ನಡುವೆ ಬೇರೆ ಲೋಹ, 20 ವರ್ಷ ಬಾಳಿಕೆಯ ಖಾತರಿ. ಕ್ಯಾರೆಟ್ ಎಂದು ನಮ್ಮ ಮನೆಯಲ್ಲಿ ನಂಬಿದ್ದು ವರ್ಷಗಳ ಲೆಕ್ಕ! ಇಂಗ್ಲಿಷ್ ಬಲ್ಲವರು ಆ ಮನೆಯಲ್ಲಿ ಆಗಲೂ ಇದ್ದರು.

‘ಹದಿನೈದು ಜ್ಯುವೆಲ್ಸ್’ ಎಂದಿರುವುದನ್ನು ನೋಡಿಯೂ ಕೆಲವರು ಹಿಗ್ಗುತ್ತಾರೆ. ಅವು ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಸಣ್ಣ ಕೆಂಪು ಹರಳುಗಳು. ಕಿತ್ತರೆ ಮೂಗುಬೊಟ್ಟಿಗೂ ಬಾರವು. ವಾಲ್ಥಮ್‌ನವರು ಕೋಟಿಗಟ್ಟಲೆ ಗಡಿಯಾರ ಮಾಡಿದ್ದರಿಂದ ನಮ್ಮದು ಅಪರೂಪದ್ದೂ ಅಲ್ಲ. ನಡೆಯುತ್ತದೆಯೇ, ಪಿಂಗಾಣಿ ಮುಖ ಬಿರುಕು ಬಿಟ್ಟಿಲ್ಲವೇ, ಮುಳ್ಳುಗಳು ಮೂಲದವೇ ಎಂಬುದರ ಮೇಲೆ ಹವ್ಯಾಸಿಗಳು ಬೆಲೆ ಹೇಳುತ್ತಾರೆ. ಅದು ಮನೆಯ ಬೆಲೆಗೆ ಎಂದೂ ಸಮ ಬಾರದು.

ಆ ಮನೆ ಅಜ್ಜ ಸಂಬಳದಲ್ಲಿ ಕಟ್ಟಿಸಿದ್ದು. ಅವನು ಮೃತ್ಯುಪತ್ರ ಬರೆದಿರಲಿಲ್ಲ, ಅಜ್ಜಿ ಮೊದಲೇ ತೀರಿಕೊಂಡಿದ್ದಳು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅಂಥ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಂದರೆ ಅವ್ವನದು ಮೂರರಲ್ಲಿ ಒಂದು. ಪಿತ್ರಾರ್ಜಿತದಲ್ಲೂ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಆದರೆ ಅವ್ವನ ಹಕ್ಕು ಅವಕ್ಕಾಗಿ ಕಾಯಬೇಕಾಗಿರಲಿಲ್ಲ. ಅವಳು ಸಹಿ ಹಾಕುವ 15 ವರ್ಷ ಮೊದಲೇ ಅದು ಕಾಯಿದೆಯಲ್ಲಿತ್ತು.

ಮುಚ್ಚಳದ ಒಳಗೆ ಇನ್ನೊಂದು ಬಗೆಯ ಬರಹವೂ ಇದೆ. ರಿಪೇರಿ ಮಾಡಿದವರು ಸೂಜಿಮೊನೆಯಿಂದ ಗೀರಿಟ್ಟ ತಮ್ಮ ಗುರುತು, ತಾರೀಖು. ಮಸೂರ ಹಿಡಿದು ನೋಡಿದರೆ ಎರಡು ಕಡೆ ವರ್ಷ ಓದಲು ಬರುತ್ತದೆ: 74, 83. ಎರಡೂ ಹಿಸ್ಸೆಯ ನಂತರದವು. ಸಾಸಿವೆ ಡಬ್ಬಿಯ ಹಣ ಕೂಡಿಸಿ ಅವ್ವನೇ ಮಾಡಿಸಿದ್ದು. ಅವಳ ಕಣ್ಣಿಗೆ ಅದು ಬಂಗಾರವಾಗಿತ್ತೋ, ಅಪ್ಪನಾಗಿತ್ತೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನಾನು ಅದನ್ನು ಮಾರಿಲ್ಲ. ಆದರೆ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತೇನೆ: ಗಡಿಯಾರವಾಗಲಿ, ಬಟ್ಟಲಾಗಲಿ, ಮುದ್ರೆ ಓದಿಸಿ, ಬೆಲೆ ಕಟ್ಟಿಸಿ, ಆಮೇಲೆ ಸಹಿಯ ಮಾತು. ನೆನಪಿಗೆ ಬೆಲೆ ಕಟ್ಟಲಾಗದು ಎನ್ನುತ್ತಾರೆ. ನಿಜವೇ. ಅದಕ್ಕೇ ಅದನ್ನು ಪಾಲಿನ ಲೆಕ್ಕಕ್ಕೆ ಹಿಡಿಯಬಾರದು.