ಉದ್ಧಾರದಿಂದ ಉದ್ರಿಗೆ

'ಇಂದು ನಗದು, ನಾಳೆ ಉದ್ರಿ' ಎಂಬುದು ನಮ್ಮ ಕಿರಾಣಿ ಅಂಗಡಿಗಳ ಹಳೆಯ ಫಲಕ. ಗುಜರಾತಿನ ಅಂಗಡಿಗಳಲ್ಲಿ ಇದರ ಅವಳಿ ತೂಗುತ್ತದೆ: 'ಆಜ್ ರೋಕಡಾ, ಕಾಲ್ ಉಧಾರ್'. ಹಾಸ್ಯ ಒಂದೇ, ಪದಗಳೂ ಒಂದೇ ಕುಲದವು. ಗುಜರಾತಿಯ ರೋಕಡವೂ ಧಾರವಾಡದ ರೊಕ್ಕವೂ ದಾಯಾದಿಗಳು. ಉಧಾರ್ ಮತ್ತು ಉದ್ರಿಯ ನಂಟು ಇನ್ನೂ ಹತ್ತಿರದ್ದು. ಮರಾಠಿಯ ಉಧಾರಿ ಗಡಿ ದಾಟಿ ಬಂದು, ಮಹಾಪ್ರಾಣ ಕಳೆದುಕೊಂಡು, ನಡುವಣ ದೀರ್ಘವನ್ನೂ ಬಿಟ್ಟುಕೊಟ್ಟು ನಮ್ಮ ಬಾಯಲ್ಲಿ ಉದ್ದರಿ, ಉದ್ರಿ ಆಯಿತು.

ಇವೆಲ್ಲದರ ಮೂಲ ಸಂಸ್ಕೃತದ 'ಉದ್ಧಾರ'. ಹೌದು, 'ನೀನು ಉದ್ಧಾರ ಆಗೋದಿಲ್ಲ' ಎಂದು ಅಪ್ಪಂದಿರು ಬೈಯುವ ಆ ಉದ್ಧಾರವೇ. ಮೇಲಕ್ಕೆತ್ತುವುದು ಅದರ ಮೊದಲ ಅರ್ಥ. ರಾಶಿಯಿಂದ ಎತ್ತಿ ಬೇರೆ ಇಟ್ಟದ್ದೂ ಉದ್ಧಾರವೇ. ತಂದೆಯ ಆಸ್ತಿ ಹಂಚುವಾಗ ಹಿರಿಯ ಮಗನಿಗೆಂದು ಮೊದಲೇ ಎತ್ತಿಡುವ ಇಪ್ಪತ್ತರಲ್ಲೊಂದು ಪಾಲನ್ನು ಮನುಸ್ಮೃತಿ ಈ ಹೆಸರಿನಿಂದಲೇ ಕರೆಯುತ್ತದೆ. ಯುದ್ಧದಲ್ಲಿ ಗೆದ್ದ ಸೊತ್ತಿನಿಂದ ಅರಸನಿಗೆ ಎತ್ತಿಕೊಡುವ ಭಾಗಕ್ಕೂ ಅದೇ ಹೆಸರು. ಅಮರಕೋಶದ ವೈಶ್ಯವರ್ಗಕ್ಕೆ ಬಂದರೆ ಉದ್ಧಾರ ಋಣದ ಪರ್ಯಾಯಪದವಾಗಿ ಕುಳಿತಿದೆ. ಅದರ ಪಕ್ಕದ 'ಪರ್ಯುದಂಚನ'ದಲ್ಲಿಯೂ ಎತ್ತುವ ಅರ್ಥವೇ ಅಡಗಿದೆ. ಕೋಶ ತೆರೆಯದ ಕನ್ನಡಿಗರಿಗೂ ಇದು ಗೊತ್ತು. ನಾವು ಸಾಲ ಎತ್ತುತ್ತೇವೆ, ಚೀಟಿ ಎತ್ತುತ್ತೇವೆ. ಎತ್ತಿದ್ದು ಇನ್ನೊಬ್ಬರ ರಾಶಿಯಿಂದ ಎಂಬ ಎಚ್ಚರ ಮಾತಿನಲ್ಲೇ ಇದೆ.

ಗುಜರಾತಿನಲ್ಲಿ ಈ ಪದ ಲೆಕ್ಕದ ಪುಸ್ತಕಕ್ಕೆ ಕಾಲಿಟ್ಟು ಇನ್ನೊಂದು ಅರ್ಥ ಗಳಿಸಿತು. ಅಲ್ಲಿ ಖಾತೆಗೆ ಜಮಾ ಮತ್ತು ಉಧಾರ್ ಎಂದು ಎರಡು ಬದಿ. ಜಮಾ, ಖಾತೆ, ಹುಂಡಿಗಳು ನಮಗೂ ಪರಿಚಿತ. ನಮ್ಮ ಶಿಲ್ಕು ಅಲ್ಲಿ ಸಿಲಕ್. ಆದರೆ ಉಧಾರಿನ ಬದಿಯನ್ನು ಗಮನಿಸಬೇಕು. ಗಿರಾಕಿ 'ಉಧಾರ್ ತಂದೆ' ಎಂದರೆ ಅವನ ತಲೆಯ ಮೇಲೆ ಹೊರೆ ಏರಿತು ಎಂದು ಅರ್ಥ. ಶೇಠ್ 'ಉಧಾರ್ ಬರೆದೆ' ಎಂದರೆ ಅವನಿಗೆ ಬರಬೇಕಾದ ಆಸ್ತಿಯೊಂದು ಹುಟ್ಟಿತು ಎಂದು ಅರ್ಥ. ಪದ ಒಂದೇ, ನೋಡುವ ಕಣ್ಣು ಎರಡು. ಪುಸ್ತಕ ಇರುವುದು ಮಾತ್ರ ಯಾವಾಗಲೂ ಕೊಟ್ಟವನ ಕೈಯಲ್ಲಿ.

ಅಂಥ ಪುಸ್ತಕಗಳ ಮೇಲೆ ಗುಜರಾತಿನ ನಗರಗಳು ಬೆಳೆದವು. 17ನೇ ಶತಮಾನದ ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಬಂಡವಾಳ ಸಾಲದೆ ಬಂದಾಗಲೆಲ್ಲ ವೀರ್ಜಿ ವೋರಾನ ಮುಂದೆ ನಿಲ್ಲುತ್ತಿದ್ದರು. 1664ರಲ್ಲಿ ಶಿವಾಜಿ ಸೂರತ್ತಿನ ಮೇಲೆ ಎರಗಿದಾಗ ಲೂಟಿಯಾದ ಮನೆಗಳಲ್ಲಿ ಈ ಸಾಹುಕಾರನದೂ ಒಂದು. ಅಹಮದಾಬಾದಿನಲ್ಲಿ 1657–58ರಲ್ಲಿ ಸಿಂಹಾಸನದ ಜೂಜಿಗೆ ಇಳಿದ ಮೊಘಲ್ ರಾಜಕುಮಾರ ಮುರಾದ್ ಬಕ್ಷ್, ನಗರಶೇಠ್ ಶಾಂತಿದಾಸ್ ಝವೇರಿಯ ಮನೆತನದಿಂದ ಐದೂವರೆ ಲಕ್ಷ ರೂಪಾಯಿ ಎತ್ತಿದ. ಸ್ವಲ್ಪ ದಿನದಲ್ಲೇ ಅವನು ಔರಂಗಜೇಬನ ಸೆರೆಯಾಳಾದ. ವಡೋದರಾದಲ್ಲಿ ಗಾಯಕವಾಡರ ಸಂಸ್ಥಾನವೇ ಉಧಾರಿನ ಮೇಲೆ ನಿಂತಿತ್ತು. 19ನೇ ಶತಮಾನದ ಆರಂಭದಲ್ಲಿ ಅರಬ್ ಸಿಪಾಯಿಗಳ ಸಂಬಳಬಾಕಿ ತೀರಿಸಲು ಹರಿಭಕ್ತಿಯಂಥ ಲೇವಾದೇವಿ ಪೇಢಿಗಳು ಹಣ ಕೊಟ್ಟವು, ಅದಕ್ಕೆ ಜಾಮೀನು ನಿಂತದ್ದು ಬ್ರಿಟಿಷರು. ಆ ಜಾಮೀನಿನ ಹೆಸರು ಬಹಾಂಧರಿ. ಸಾಲಕ್ಕೆ ನಿಂತ ಜಾಮೀನುದಾರ ನಿಧಾನವಾಗಿ ಆಡಳಿತಕ್ಕೂ ಕೈ ಹಾಕಿದ. ಹೊಸ ಸಾಲದಿಂದ ಹಳೆಯ ಸಾಲ ತೀರಿಸುವವರಿಗೆ ಈ ಕಥೆ ಸಾಕಷ್ಟು ಹೇಳುತ್ತದೆ.

ಆ ಕಾಲದ ಉಧಾರ್ ನಡೆಯುತ್ತಿದ್ದುದು 'ಶಾಖ್' ಮೇಲೆ. ಗುಜರಾತಿಯಲ್ಲಿ ಶಾಖ್ ಎಂದರೆ ಮಾರುಕಟ್ಟೆಯಲ್ಲಿ ಒಬ್ಬನಿಗಿರುವ ನಂಬಿಕೆ. ಹಿಂದಿಯಲ್ಲಿ ಅದು ಸಾಖ್, ಮೂಲ ಸಂಸ್ಕೃತದ ಸಾಕ್ಷ್ಯ. ಅಂದರೆ ಉಧಾರಿಗೆ ಸಾಕ್ಷಿಗಳಿದ್ದರು. ಮಗಳ ಮದುವೆಗೆ ಎಷ್ಟು ಖರ್ಚಾಯಿತು, ಹತ್ತಿಯಲ್ಲಿ ಎಷ್ಟು ಹೋಯಿತು ಎಂಬುದು ಪೇಢಿಯಲ್ಲಿ ಕುಳಿತ ಶರಾಫನಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದುದರಿಂದಲೇ 'ಸಾಕು' ಎನ್ನುವ ಅಧಿಕಾರವೂ ಅವನಿಗಿತ್ತು.

ಉಧಾರಿಗೆ ಗಡುವೂ ಇತ್ತು. ದೀಪಾವಳಿಗೆ ಹಳೆಯ ಲೆಕ್ಕ ಮುಗಿಸಿ ಕೆಂಪು ಹೊದಿಕೆಯ ಹೊಸ ಪುಸ್ತಕಕ್ಕೆ ಚೋಪಡಾ ಪೂಜೆ ಮಾಡುವುದು, ಲಾಭ ಪಂಚಮಿಯಂದು ವ್ಯಾಪಾರ ಮತ್ತೆ ತೆರೆಯುವುದು ಅಲ್ಲಿನ ರೂಢಿ. ನಮ್ಮ ಹುಬ್ಬಳ್ಳಿಯ ವರ್ತಕರಿಗೂ ಹೊಸ ಖಾತೆಯ ಹಬ್ಬ ಅದೇ. ಬಡ್ಡಿಗೂ ಒಂದು ತಡೆ ಇತ್ತು, ಅದರ ಹೆಸರು ದಾಮದುಪ್ಪಟ್. ಬಾಕಿ ನಿಂತ ಬಡ್ಡಿ ಅಸಲನ್ನು ಮೀರಕೂಡದು ಎಂಬ ಈ ಸ್ಮೃತಿಕಾಲದ ನಿಯಮವನ್ನು ಬೊಂಬಾಯಿ ಪ್ರಾಂತದ ಕೋರ್ಟುಗಳು ಹಿಂದೂ ಸಾಲಗಾರರ ಪಾಲಿಗೆ ಎತ್ತಿಹಿಡಿದಿದ್ದವು. ಅಂದು ಸೂರತ್ತೂ ಧಾರವಾಡವೂ ಒಂದೇ ಪ್ರಾಂತದಲ್ಲಿದ್ದವು.

ಬಡ್ಡಿಗೆ ಗುಜರಾತಿಯಲ್ಲಿ 'ವ್ಯಾಜ್' ಎನ್ನುತ್ತಾರೆ. ಕನ್ನಡದಲ್ಲಿ ವ್ಯಾಜ ಎಂದರೆ ನೆಪ, ಕಪಟ. ನಿರ್ವ್ಯಾಜ ಪ್ರೀತಿ ಎಂದು ನಾವು ಹೊಗಳಿದ್ದು ಗುಜರಾತಿ ಕಿವಿಗೆ ಬಡ್ಡಿಯಿಲ್ಲದ ಪ್ರೀತಿ ಎಂದು ಕೇಳಿದರೆ ತಪ್ಪೇನಿಲ್ಲ. ಸೂರತ್ತಿನ ಬಟ್ಟೆ ಮತ್ತು ವಜ್ರದ ಮಾರುಕಟ್ಟೆಗಳಲ್ಲಿ ಇನ್ನೊಂದು ಮಾತಿದೆ, 'ಉಠಮಣು'. ಸಾವಿನ ಮನೆಯ ಸಂತಾಪಸಭೆಗೆ ಇರುವ ಹೆಸರು ಅದು. ಉಧಾರಿನಲ್ಲಿ ಮಾಲು ಎತ್ತಿದ ವರ್ತಕ ಹಣ ಕೊಡದೆ ಎದ್ದು ಹೋದರೂ ಅದು ಉಠಮಣುವೇ. ಉಧಾರಿನಲ್ಲಿ ಇರುವ 'ಉದ್' ಇಲ್ಲಿಯೂ ಇದೆ. ಒಂದರಲ್ಲಿ ಸರಕು ಮೇಲೇಳುತ್ತದೆ, ಇನ್ನೊಂದರಲ್ಲಿ ಮನುಷ್ಯನೇ ಏಳುತ್ತಾನೆ.

ಈಗ ಕನ್ನಡದ ಸೂಕ್ಷ್ಮಕ್ಕೆ ಬರೋಣ. ಗುಜರಾತಿಯ ಉಧಾರ್ ಹಲವು ಬಗೆಯ ಕೊಡುಕೊಳ್ಳುವಿಕೆಯನ್ನು ಹೊರುತ್ತದೆ. ಕನ್ನಡ ಅದನ್ನು ಮೂರಾಗಿ ಬಿಡಿಸಿದೆ. ಸಾಮಾನು ಇವತ್ತು ತಂದು ದುಡ್ಡು ಆಮೇಲೆ ಕೊಟ್ಟರೆ ಉದ್ರಿ. ನಾಲ್ಕು ದಿನಕ್ಕೆಂದು ಬಡ್ಡಿಯಿಲ್ಲದೆ ಪಡೆದರೆ ಕೈಗಡ. ಬಡ್ಡಿ ಕಟ್ಟಿಕೊಂಡು ಪಡೆದರೆ ಸಾಲ. ಕೈಗಡ ಕೇಳುವಾಗ ಇರದ ಅಳುಕು ಸಾಲ ಕೇಳುವಾಗ ಇರುತ್ತದೆ, ಏಕೆಂದರೆ ಹೆಸರು ಬದಲಾದೊಡನೆ ಮನಸ್ಸು ಲೆಕ್ಕ ಹಾಕತೊಡಗುತ್ತದೆ.

ಕ್ರೆಡಿಟ್ ಕಾರ್ಡು ಈ ಮೂರನ್ನೂ ಒಂದೇ ತುಂಡು ಪ್ಲಾಸ್ಟಿಕ್ಕಿನಲ್ಲಿ ಸೇರಿಸಿತು. ಭಾರತದ ಬ್ಯಾಂಕುಗಳಲ್ಲಿ ಅದು ಕಾಣಿಸಿಕೊಂಡದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೂಲಕ. ಸಯಾಜಿರಾವ್ ಗಾಯಕವಾಡರು 1908ರಲ್ಲಿ ವಡೋದರಾದಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾ ಕಾರ್ಡುಗಳಿಗೆಂದೇ 1994ರಲ್ಲಿ ಪ್ರತ್ಯೇಕ ಕಂಪನಿ ಮಾಡಿತು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ ಒಪ್ಪಿದ ಮೇಲೆ ಕ್ಯುಆರ್ ಸಂಕೇತವೇ ಉಧಾರಿನ ಬಾಗಿಲಾಯಿತು. ಹಗಲು ಚಿನ್ನ ಬೆಳ್ಳಿಯ ಪೇಟೆಯಾಗಿ, ರಾತ್ರಿ ತಿಂಡಿಯ ಸಂತೆಯಾಗಿ ಬದಲಾಗುವ ಅಹಮದಾಬಾದಿನ ಮಾಣೇಕ್ ಚೌಕದಲ್ಲಿ ಇವತ್ತು ಒಡವೆಯನ್ನಷ್ಟೇ ಅಲ್ಲ, ಪಾವ್‌ಭಾಜಿಯನ್ನೂ ಬ್ಯಾಂಕಿನ ರಾಶಿಯಿಂದ ಎತ್ತಬಹುದು.

ಕಾರ್ಡು ಉಜ್ಜಿದ ಕ್ಷಣ ಅದು ಉದ್ರಿ. ಬಿಲ್ಲಿನ ಕೊನೆಯ ದಿನದವರೆಗೆ, ಹೆಚ್ಚೆಂದರೆ 45–50 ದಿನ, ಅದು ಕೈಗಡ. ಪೂರ್ತಿ ಹಣ ಕಟ್ಟದೆ ಆ ದಿನ ದಾಟಿತೋ, ಅದು ಸಾಲ. ಬಡ್ಡಿ ಎಣಿಸುವುದು ದಾಟಿದ ದಿನದಿಂದಲ್ಲ, ಕೊಂಡ ದಿನದಿಂದ. ಹಳೆಯ ಬಾಕಿ ಇರುವಾಗ ಕೊಂಡ ಹೊಸ ಸಾಮಾನಿಗೆ ಕೈಗಡದ ಅವಧಿಯೇ ಇರುವುದಿಲ್ಲ, ಮೊದಲ ದಿನವೇ ಬಡ್ಡಿ. ಎಟಿಎಮ್ಮಿನಲ್ಲಿ ಕಾರ್ಡಿನಿಂದ ನಗದು ತೆಗೆದರಂತೂ ಅದು ಆರಂಭದಿಂದಲೇ ಸಾಲ, ಮೇಲೆ ಶುಲ್ಕ ಬೇರೆ. ಈ ಹೆಸರು ಬದಲಾಗುವುದನ್ನು ಯಾರೂ ಕೂಗಿ ಹೇಳುವುದಿಲ್ಲ. ಬಿಲ್ಲಿನಲ್ಲಿ ಕಾಣುವುದು 'ಕನಿಷ್ಠ ಪಾವತಿ' ಎಂಬ ಸೌಮ್ಯವಾದ ಸಾಲು.

ಆ ಸೌಮ್ಯತೆಯ ಬೆಲೆ ನೋಡೋಣ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 42. ಬಾಕಿ 50,000 ರೂಪಾಯಿ, ಕನಿಷ್ಠ ಪಾವತಿ ಶೇ. 5 ಎಂದುಕೊಳ್ಳಿ. 2,500 ಕಟ್ಟುತ್ತೀರಿ. ಅದರಲ್ಲಿ ಬಡ್ಡಿಗೆ 1,750, ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿಗೆ 315. ಅಸಲಿನಿಂದ ಇಳಿದದ್ದು 435 ರೂಪಾಯಿ ಮಾತ್ರ. ಏನೂ ಕಟ್ಟದೆ ಬಿಟ್ಟರೆ ಇದೇ ದರದಲ್ಲಿ, ಬಡ್ಡಿಗೆ ಬಡ್ಡಿ ಹಿಡಿಯದಿದ್ದರೂ, 29 ತಿಂಗಳಿಗೆ ಬಡ್ಡಿಯೊಂದೇ ಅಸಲನ್ನು ಮೀರುತ್ತದೆ. ದಾಮದುಪ್ಪಟ್ ತಡೆಯುತ್ತಿದ್ದ ಗೆರೆ ಅದು. ಇಂದು ಬ್ಯಾಂಕುಗಳಿಗೆ ಆ ಗೆರೆ ಇಲ್ಲ. ಬಡ್ಡಿ ಅತಿಯಾಯಿತೆಂಬ ಕಾರಣಕ್ಕೆ ಕೋರ್ಟುಗಳು ಬ್ಯಾಂಕಿನ ಸಾಲವನ್ನು ಮರುಪರಿಶೀಲಿಸದಂತೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮು ತಡೆಯುತ್ತದೆ. ಕಾರ್ಡಿನ ಬಾಕಿಗೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಹಾಗಾದರೆ ಜನ ಬೀಳುವುದೇಕೆ? ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. 'ದೇವು ಕರೀನೆ ಘೀ ಪೀವು' ಎಂದು ಗುಜರಾತಿ ಗಾದೆ, ಸಾಲ ಮಾಡಿ ತುಪ್ಪ ತಿನ್ನು ಎಂದು ನಮ್ಮದು. ತುಪ್ಪ ತಿಂದು ಕೆಟ್ಟವರು ಇದ್ದಾರೆ. ಆದರೆ ತಿಂಗಳ ಬಿಲ್ಲು ತಿಂಗಳ ಸಂಬಳವನ್ನು ನಂಬಿ ಹುಟ್ಟಿದ್ದು. ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ರತ್ನಕಲಾಕಾರರಿಗೆ ಕೂಲಿ ಹರಳಿನ ಲೆಕ್ಕದಲ್ಲಿ. 2008ರ ಹಿಂಜರಿತದಲ್ಲಿ ದೀಪಾವಳಿ ರಜೆಗೆ ಮುಚ್ಚಿದ ಎಷ್ಟೋ ಕಾರ್ಖಾನೆಗಳು ಮತ್ತೆ ತೆರೆಯಲಿಲ್ಲ. ಈಚಿನ ವರ್ಷಗಳ ಕುಸಿತದಲ್ಲೂ ಕೆಲಸ ಕಡಿಮೆಯಾಯಿತು. ಆದಾಯ ನಿಂತರೂ ಬಿಲ್ಲಿನ ದಿನಾಂಕ ನಿಲ್ಲುವುದಿಲ್ಲ. ಆಸ್ಪತ್ರೆ, ಶಾಲೆಯ ಶುಲ್ಕ, ಮನೆ ಬಾಡಿಗೆ ಹೀಗೆ ಕಾರ್ಡಿಗೆ ಏರುತ್ತವೆ. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, 'ಸಾಕು' ಎನ್ನುತ್ತಿದ್ದ ಸಾಕ್ಷಿ ಇಲ್ಲಿಲ್ಲ. ಬ್ಯಾಂಕಿಗೆ ನಿಮ್ಮ ಕ್ರೆಡಿಟ್ ಅಂಕ ಗೊತ್ತು, ಮುಖ ಗೊತ್ತಿಲ್ಲ. ಆ ಅಂಕ ಚೆನ್ನಾಗಿದ್ದರೆ ಅದು ಮಿತಿ ಏರಿಸಲು ಮುಂದಾಗುತ್ತದೆ.

ಮುಖ ಗೊತ್ತಿರುವ ಸಾಲಕ್ಕೆ ಮಾದರಿಯೂ ಅಹಮದಾಬಾದಿನಲ್ಲೇ ಇದೆ. ಬೆಳಿಗ್ಗೆ ದುಡ್ಡು ಎತ್ತಿ ತರಕಾರಿ ಕೊಂಡು, ಸಂಜೆ ಸಂಪಾದನೆಯ ದೊಡ್ಡ ಪಾಲನ್ನು ಬಡ್ಡಿಗೆ ಸುರಿಯುತ್ತಿದ್ದ ಬೀದಿ ವ್ಯಾಪಾರದ ಹೆಂಗಸರನ್ನು ಇಳಾ ಭಟ್ ಸಂಘಟಿಸಿದರು. 1974ರಲ್ಲಿ ಸುಮಾರು 4,000 ಮಹಿಳೆಯರು ತಲಾ 10 ರೂಪಾಯಿ ಹಾಕಿ ಸೇವಾ ಬ್ಯಾಂಕ್ ಕಟ್ಟಿದರು. ಸಹಿ ಬಾರದವರ ಗುರುತಿಗೆ ಪಾಸ್‌ಬುಕ್ಕಿನ ಮೇಲೆ ಅವರ ಫೋಟೋ ಬಂತು. ಆ ಹೆಂಗಸರು ಮೊದಲು ಜಮಾ ಮಾಡಿದರು, ಆಮೇಲೆ ಉಧಾರ್ ಎತ್ತಿದರು.

ಕಾರ್ಡನ್ನು ಬಳಸುವ ಜಾಣತನವೂ ಈ ಪದಗಳಲ್ಲಿ ಇದೆ. ಬಿಲ್ಲಿನ ಪೂರ್ತಿ ಮೊತ್ತ ಗಡುವಿನೊಳಗೆ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಹೇಳಿಡಿ, ಕೈಗಡ ಕೈಗಡವಾಗಿಯೇ ಮುಗಿಯುತ್ತದೆ. ಪೂರ್ತಿ ಕಟ್ಟಲಾಗದ ತಿಂಗಳು ಬಂದರೆ ಅದು ಸಾಲವಾಯಿತು ಎಂದು ಒಪ್ಪಿ, ಬಾಕಿ ತೀರುವವರೆಗೆ ಆ ಕಾರ್ಡಿನಲ್ಲಿ ಹೊಸದೇನೂ ಕೊಳ್ಳಬೇಡಿ. ಬಾಕಿ ದೊಡ್ಡದಿದ್ದರೆ ಚಿನ್ನದ ಸಾಲವನ್ನೋ ವೈಯಕ್ತಿಕ ಸಾಲವನ್ನೋ ಕಡಿಮೆ ಬಡ್ಡಿಗೆ ಪಡೆದು ಒಮ್ಮೆಗೇ ತೀರಿಸಿ, ಕಂತಿಗೆ ಕೊನೆಯ ದಿನಾಂಕವಾದರೂ ಇರುತ್ತದೆ. ಹಲವು ಕಾರ್ಡುಗಳಿದ್ದರೆ ಹೆಚ್ಚು ಬಡ್ಡಿಯದನ್ನು ಮೊದಲು ಇಳಿಸಿ. ಬೇಡವಾದ ಕಾರ್ಡನ್ನು, ಬಾಕಿ ಇಲ್ಲದಿದ್ದರೆ, ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ತೆರಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಕಾರ್ಡು ಕೊಟ್ಟವರಿಗೆ ಹೇಳುತ್ತದೆ.

ಕಾರ್ಡಿನ ಮಿತಿ ಎರಡು ಲಕ್ಷ ಎಂದು ಸಂದೇಶ ಬಂದಾಗ ಅದನ್ನು ಗುಜರಾತಿನ ಮುನೀಮನ ಕಣ್ಣಿನಿಂದ ಓದಬೇಕು. ನಮ್ಮ ಹೆಸರಿಗೆ ಎರಡು ಲಕ್ಷ ಜಮಾ ಆಗಿದೆ ಎಂದು ಅದರ ಅರ್ಥವಲ್ಲ. ಅಷ್ಟು ಉಧಾರ್ ಬರೆದುಕೊಳ್ಳಲು ಬ್ಯಾಂಕು ತನ್ನ ಪುಸ್ತಕದಲ್ಲಿ ಪುಟ ಬಿಟ್ಟುಕೊಂಡಿದೆ, ಅಷ್ಟೆ. ಆ ಪುಟವನ್ನು ತುಂಬಿಸುವ ಅವಸರ ಇರಬೇಕಾದ್ದು ಬ್ಯಾಂಕಿಗೆ.